ಖಾಲಿ ಗೋಲು ಬೇಡವೆಂದವನು

ಐಸ್ ಹಾಕಿ ಎಂದರೆ ನನಗೆ ಟಿವಿಯಲ್ಲಿ ಪಕ್ ಎಂಬ ಪುಟ್ಟ ರಬ್ಬರ್ ಬಿಲ್ಲೆ ಎಲ್ಲಿದೆಯೆಂದು ಹುಡುಕಿ ಸುಸ್ತಾಗುವ ಆಟವಾಗಿತ್ತು. ವರ್ಜೀನಿಯಾದಲ್ಲಿ ನೆಲೆಸಿರುವ ಭಾವನಿಗೆ ಮಾತ್ರ ಅದರ ಹುಚ್ಚು. 2025ರ ಏಪ್ರಿಲ್ 4ರ ಸಂಜೆ ನನ್ನನ್ನೂ ವಾಷಿಂಗ್ಟನ್ನಿನ ಕ್ಯಾಪಿಟಲ್ ಒನ್ ಅರೀನಾಕ್ಕೆ ಎಳೆದುಕೊಂಡು ಹೋದರು. ಕ್ಯಾಪಿಟಲ್ಸ್ ತಂಡದ ನಾಯಕ ಅಲೆಕ್ಸಾಂಡರ್ ಒವೆಚ್ಕಿನ್ ಆಗ ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ 892 ಗೋಲುಗಳಲ್ಲಿದ್ದ. ಕೆನಡಾದ ದಿಗ್ಗಜ ಆಟಗಾರ ವೇಯ್ನ್ ಗ್ರೆಟ್ಸ್ಕಿ 1999ರಲ್ಲಿ ನಿವೃತ್ತನಾದಾಗ ಬಿಟ್ಟುಹೋದ 894ರ ದಾಖಲೆಯನ್ನು ಯಾರೂ ಮುಟ್ಟಲಾರರೆಂದೇ ಎಲ್ಲರೂ ನಂಬಿದ್ದರು. ಆ ಗ್ರೆಟ್ಸ್ಕಿಯೂ ಅಂದು ಪ್ರೇಕ್ಷಕರ ನಡುವೆ ಕುಳಿತಿದ್ದ.

ಆಟ ಶುರುವಾಗಿ ನಾಲ್ಕು ನಿಮಿಷವೂ ಆಗಿರಲಿಲ್ಲ, 893 ಬಂತು. ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ. ಭಾವ ಗದರಿದರು: “ಪಕ್ ಹಿಂದೆ ಹೋಗಬೇಡ, ಆ ಮನುಷ್ಯನನ್ನು ನೋಡು.”

ನೋಡಿದೆ. ಹಳದಿ ಲೇಸಿನ ಸ್ಕೇಟ್, 39ರ ವಯಸ್ಸು, ಭಾರೀ ಮೈ. ಮುಂಪಡೆಯ ಆಟಗಾರರು ಒಮ್ಮೆಗೆ ಮುಕ್ಕಾಲು ನಿಮಿಷದಷ್ಟು ಓಡಿ, ಏದುಸಿರು ಬಿಡುತ್ತ ಬೆಂಚಿಗೆ ಮರಳುತ್ತಾರೆ. ಬೇಲಿ ಹಾರಿ ಇನ್ನೊಂದು ಗುಂಪು ಇಳಿಯುತ್ತದೆ. ಆದರೆ ಎದುರಾಳಿಯೊಬ್ಬ ತಪ್ಪು ಮಾಡಿ ಶಿಕ್ಷೆಯ ಪೆಟ್ಟಿಗೆಯಲ್ಲಿ ಕುಳಿತಾಗ ಸಿಗುವ ಎರಡು ನಿಮಿಷದ ಪವರ್ ಪ್ಲೇಯಲ್ಲಿ ಈತ ಬದಲಾಗುವುದೇ ಅಪರೂಪ. ಎಡಗಡೆಯ ವೃತ್ತದ ಬಳಿ ಹೋಗಿ ನಿಲ್ಲುತ್ತಾನೆ. ಅಭಿಮಾನಿಗಳು ಆ ಜಾಗವನ್ನು ಅವನ ಆಫೀಸು ಎನ್ನುತ್ತಾರೆ. ಅತ್ತಲಿಂದ ಬಂದ ಪಕ್ಕನ್ನು ನಿಲ್ಲಿಸದೆ, ಬಂದ ವೇಗದಲ್ಲೇ ಬಾರಿಸುತ್ತಾನೆ. 2005ರಲ್ಲಿ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದವನು ಇವನು. ಅಂದಿನಿಂದ ಎಷ್ಟು ತಂಡಗಳು ಆ ಜಾಗಕ್ಕೆ ಕಾವಲು ಹಾಕಿಲ್ಲ! ಎಲ್ಲಿಂದ ಹೊಡೆಯುತ್ತಾನೆಂದು ಲೋಕಕ್ಕೆಲ್ಲ ಗೊತ್ತಿದ್ದೂ ತಡೆಯಲಾಗದಿರುವುದು ನನಗಂತೂ ಯಾವ ಕಸರತ್ತಿಗಿಂತಲೂ ದೊಡ್ಡದು. ಅದೇ ಋತುವಿನ ನವೆಂಬರಿನಲ್ಲಿ ಕಾಲಿನ ಮೂಳೆ ಮುರಿದು 16 ಪಂದ್ಯ ಹೊರಗುಳಿದಿದ್ದ. ಮರಳಿ ಬಂದ ದಿನವೇ ಗೋಲು ಹೊಡೆದ.

ಕೊನೆಯ ಅವಧಿಯಲ್ಲಿ ಅಂಥದ್ದೇ ಪವರ್ ಪ್ಲೇ. ಈ ಬಾರಿ ಕಣ್ಣು ಕೀಳಲಿಲ್ಲ. ಕೋಲು ಮೇಲೆದ್ದದ್ದು ಕಂಡಿತು, ಪೆಟ್ಟಿನ ಸದ್ದು ಕೇಳಿತು, ಅಷ್ಟರಲ್ಲಿ ಬಲೆ ಅಲುಗಿತ್ತು. 894! ಭಾವ ನನ್ನ ಹೆಗಲು ಹಿಡಿದು ಕುಲುಕಿದ ನೋವು ಎರಡು ದಿನ ಇತ್ತು.

ನಿಜವಾದ ಸಂಗತಿ ನಡೆದದ್ದು ಆಮೇಲೆ. ಒಂದು ಗೋಲು ಹಿಂದಿದ್ದ ಶಿಕಾಗೊ ತಂಡ, ಕೊನೆಯ ಗಳಿಗೆಯಲ್ಲಿ ಎಲ್ಲರೂ ಮಾಡುವಂತೆ, ಗೋಲ್‌ಕೀಪರನನ್ನು ಬೆಂಚಿಗೆ ಕರೆಸಿಕೊಂಡು ಒಬ್ಬ ಹೆಚ್ಚುವರಿ ದಾಳಿಗಾರನನ್ನು ಇಳಿಸಿತು. ಎದುರಿನ ಬಲೆ ಖಾಲಿ. ಇವನನ್ನು ಇಳಿಸಿ ಎಂದು ಅರೀನಾವೆಲ್ಲ ಅರಚಿತು. ಅವನು ಬೆಂಚಿನಿಂದ ಏಳಲಿಲ್ಲ. ದಾಖಲೆ ಖಾಲಿ ಬಲೆಯಲ್ಲಿ ಬೀಳುವುದು ತನಗೆ ಬೇಡವೆಂದು ತರಬೇತುದಾರನಿಗೆ ತಾನೇ ಹೇಳಿದ್ದನಂತೆ. ಖಾಲಿ ಬಲೆಗೆ ಹೊಡೆಯುವುದರಲ್ಲೂ ಲೀಗಿನ ದಾಖಲೆ ಇವನದೇ ಎಂಬುದು ತಮಾಷೆ! ಆ ಗೋಲು ರಯಾನ್ ಲೆನರ್ಡ್ ಎಂಬ ಹೊಸ ಹುಡುಗನ ಪಾಲಾಯಿತು. ಲೀಗಿನಲ್ಲಿ ಅವನ ಮೊದಲನೆಯ ಗೋಲದು.

ಎರಡು ದಿನಗಳ ನಂತರ ನ್ಯೂಯಾರ್ಕಿನ ಎಲ್ಮಾಂಟ್‌ನಲ್ಲಿ, ಅದೇ ಎಡ ವೃತ್ತದ ಕಡೆಯಿಂದ, ತನ್ನದೇ ದೇಶವಾದ ರಷ್ಯಾದ ಗೋಲ್‌ಕೀಪರ್ ಸೊರೊಕಿನ್‌ನನ್ನು ವಂಚಿಸಿ 895 ಹೊಡೆದ. ಮಂಜುಗಡ್ಡೆಯ ಮೇಲೆ ಬೋರಲು ಬಿದ್ದು ಜಾರಿದ. ನಾವು ಮನೆಯಲ್ಲಿ ಟಿವಿಯಲ್ಲಿ ನೋಡಿದೆವು. “ಶುಕ್ರವಾರವೇ ಹೊಡೆದಿದ್ದರೆ ನಮ್ಮ ಕಣ್ಣೆದುರೇ ಆಗುತ್ತಿತ್ತಲ್ಲ” ಎಂದು ಭಾವ ಈಗಲೂ ಗೊಣಗುತ್ತಾರೆ. ಟಿಕೆಟಿನ ದುಡ್ಡು ಕೊಟ್ಟವರು ಅವರು, ಗೊಣಗಲಿ. ನಾನಂತೂ ಒವೆಚ್ಕಿನ್‌ನ ಕಡೆಗೆ.