ಬಲಗಡೆ ಕಾಣದೇ ಹೋದ ಎರಡು ಕಾಲಂ

ನಾನು ಒಂದು ಆಸ್ಪತ್ರೆಯ ವೆಬ್‌ಸೈಟಿಗೆ ಆರೋಗ್ಯದ ಮಾಹಿತಿ ಬರೆಯೋ ಕೆಲಸದಲ್ಲಿ ತುಂಬಾ ವರ್ಷದಿಂದ ಇದೀನಿ. ಟೀಮಿಗೆ ಹೊಸದಾಗಿ ಸೇರೋರಿಗೆಲ್ಲ ಈ ವಿಷಯ ಹೇಳ್ತೀನಿ, ಇವತ್ತು ಇಲ್ಲೂ ಬರೀತಿದೀನಿ.

ಮಕ್ಕಳ ಜ್ವರದ ಬಗ್ಗೆ ನಮ್ಮದೊಂದು ಪೇಜ್ ಇತ್ತು, ಅದರಲ್ಲಿ ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಕೊಡಬೇಕು ಅಂತ ಟೇಬಲ್ ಮಾಡಿದ್ವಿ. ಮೊದಲು ಮಗುವಿನ ತೂಕ, ಪಕ್ಕದಲ್ಲಿ ಎಷ್ಟು ಎಂ.ಎಲ್., ಆಮೇಲೆ ಎಷ್ಟು ಗಂಟೆ ಬಿಟ್ಟು ಕೊಡಬೇಕು, ಕೊನೇ ಕಾಲಂನಲ್ಲಿ 24 ಗಂಟೇಲಿ 4 ಸಲಕ್ಕಿಂತ ಜಾಸ್ತಿ ಬೇಡ ಅಂತ. ಡಾಕ್ಟರ್ ನೋಡಿ ಓಕೆ ಮಾಡಿದ್ರು, ನಾನೂ ಆಫೀಸಿನ ದೊಡ್ಡ ಮಾನಿಟರಲ್ಲಿ ಎರಡೆರಡು ಸಲ ಓದಿ ಪಬ್ಲಿಷ್ ಮಾಡಿದ್ದೆ.

ಒಂದಿನ ಹೆಲ್ಪ್‌ಲೈನಲ್ಲಿರೋ ನರ್ಸ್ ಬಂದು "ನಿಮ್ಮ ಪೇಜಲ್ಲಿ ಎಷ್ಟು ಹೊತ್ತು ಬಿಟ್ಟು ಕೊಡಬೇಕು ಅಂತ ಹಾಕೇ ಇಲ್ವಂತೆ?" ಅಂದ್ರು. ಹಿಂದಿನ ರಾತ್ರಿ ಒಬ್ಬರು ತಾಯಿ ಫೋನ್ ಮಾಡಿದ್ರಂತೆ, ನಮ್ಮ ಪೇಜ್ ನೋಡ್ಕೊಂಡೇ ಒಂದು ಡೋಸ್ ಕೊಟ್ಟಿದಾರೆ, ಒಂದೂವರೆ ಗಂಟೆ ಆದ್ರೂ ಜ್ವರ ಇಳಿದಿಲ್ಲ, ಇನ್ನೊಂದ್ಸಲ ಕೊಟ್ಬಿಡ್ಲಾ ಅಂತ. ಪುಣ್ಯಕ್ಕೆ ಕೊಡೋ ಮುಂಚೆ ಕೇಳಿದ್ರು. ನಾನು ಅಲ್ಲೇ ನಿಂತು ನನ್ನ ಫೋನಲ್ಲಿ ಪೇಜ್ ತೆಗೆದೆ. ತೂಕ ಇದೆ, ಎಂ.ಎಲ್. ಇದೆ, ಅಷ್ಟೇ. ಉಳಿದ ಎರಡು ಕಾಲಂ ಸ್ಕ್ರೀನಿನ ಆಚೆ, ಬೆರಳಲ್ಲಿ ಪಕ್ಕಕ್ಕೆ ಎಳೆದ್ರೆ ಬರ್ತಾವೆ, ಆದ್ರೆ ಎಳೀಬೇಕು ಅಂತ ತಿಳಿಯೋಕೆ ಒಂದು ಗುರುತೂ ಇರ್ಲಿಲ್ಲ. ಕೈಕಾಲು ತಣ್ಣಗಾಯ್ತು ನಂಗೆ.

ಇದು ಗೊತ್ತಿರಬೇಕಾದ ವಿಷಯಾನೇ. ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ ಸರ್ವೇಲಿ 2010ರಲ್ಲಿ ಅಲ್ಲಿ ಮೊಬೈಲ್ ಇರೋರಲ್ಲಿ ನೂರಕ್ಕೆ 17 ಜನ ಫೋನಲ್ಲಿ ಆರೋಗ್ಯದ ಮಾಹಿತಿ ಹುಡುಕ್ತಿದ್ರು, 2012ಕ್ಕೆ ಅದು 31 ಆಗಿತ್ತು. 2015ರಲ್ಲಿ ಗೂಗಲ್ಲೇ ಹೇಳ್ತು, 10 ದೇಶಗಳಲ್ಲಿ ಕಂಪ್ಯೂಟರಿಗಿಂತ ಮೊಬೈಲಿಂದ ಬರೋ ಸರ್ಚ್ ಜಾಸ್ತಿ ಆಗಿದೆ ಅಂತ. ನಮ್ಮ ಸೈಟಿನ ರಿಪೋರ್ಟಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಫೋನಿಂದಾನೇ ಬರ್ತಿದ್ರು, ಅದರಲ್ಲೂ ಜ್ವರದ ಪೇಜಿಗೆ ಮಧ್ಯರಾತ್ರಿ ಮೇಲೆ. ತಿಂಗಳು ತಿಂಗಳು ಆ ಗ್ರಾಫ್ ನೋಡ್ತಿದ್ದೆ, ಆದ್ರೆ ಒಂದು ಕೈಲಿ ಮಗು ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ಕತ್ತಲೇಲಿ ಓದ್ತಿರೋರು ನನ್ನ ಕಣ್ಮುಂದೆ ಬಂದಿರ್ಲಿಲ್ಲ.

ಟೇಬಲ್ ಕಿತ್ತಾಕಿದ್ವಿ. ಈಗ ಒಂದೊಂದು ತೂಕಕ್ಕೂ ಒಂದೊಂದು ಬಾಕ್ಸ್, ಡೋಸು, ಗ್ಯಾಪು, ಎಷ್ಟು ಸಲ, ಮೂರೂ ಒಂದರ ಕೆಳಗೊಂದು. ಅದಕ್ಕೂ ಮೇಲೆ ಬಾಟಲ್ ನೋಡಿ ಅಂತ ಒಂದು ಸಾಲು, ಯಾಕಂದ್ರೆ 5 ಎಂ.ಎಲ್.ನಲ್ಲಿ 120 ಎಂ.ಜಿ. ಇರೋ ಸಿರಪ್ಪೂ ಇದೆ 250 ಇರೋದೂ ಇದೆ, ಬಾಟಲ್ ಬದಲಾದ್ರೆ ಅದೇ ಒಂದು ಚಮಚ ಎರಡರಷ್ಟು ಔಷಧಿ ಆಗ್ಬಿಡುತ್ತೆ. ಇನ್ನೂ ಮೂರು ತಿಂಗಳು ತುಂಬದ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಜಾಸ್ತಿ ಜ್ವರ ಇದ್ರೆ ತಕ್ಷಣ ಡಾಕ್ಟರ್ ಹತ್ರ ಹೋಗಿ ಅನ್ನೋದು ಪೇಜಿನ ಕೊನೇ ಪ್ಯಾರಾದಲ್ಲಿತ್ತು! ಅದನ್ನ ಎಲ್ಲದಕ್ಕಿಂತ ಮೇಲೆ ತಂದ್ವಿ. ಆ ಜಾಗದಲ್ಲಿ ಅಪಾಯಿಂಟ್ಮೆಂಟ್ ಬ್ಯಾನರ್ ಬೇಕು ಅಂತ ಮಾರ್ಕೆಟಿಂಗ್‌ನವರು ಪಟ್ಟು ಹಿಡಿದ್ರು, ಎರಡು ಮೀಟಿಂಗ್ ಆಯ್ತು, ನಾನು ಬಿಟ್ಕೊಡ್ಲಿಲ್ಲ.

ಈಗ ಯಾವ ಪೇಜ್ ಆದ್ರೂ ಮೊದಲು ಆ ನರ್ಸ್ ಫೋನಿಗೆ ಲಿಂಕ್ ಹೋಗುತ್ತೆ, ಅವರು ನೈಟ್ ಡ್ಯೂಟೀಲಿ ಬ್ರೈಟ್‌ನೆಸ್ ಕಮ್ಮಿ ಮಾಡಿ ಒಂದೇ ಕೈಲಿ ಹಿಡ್ಕೊಂಡು ಓದ್ತಾರೆ. ಮೊನ್ನೆ ಒಂದು ಪೇಜ್ ವಾಪಸ್ ಬಂತು, ಸೈಟ್ ತೆಗೆದ ಕೂಡ್ಲೇ ಒಪ್ಪಿಗೆ ಕೇಳೋ ಕುಕೀ ನೋಟೀಸು ಎಮರ್ಜೆನ್ಸಿ ನಂಬರಿನ ಮೇಲೇ ಕೂತಿತ್ತು.