ವಿಲ್ಸನ್ ಜೋನ್ಸ್ ಯಾರಂತ ಗೊತ್ತದ ಏನ್ರಿ?

ಮಂಗಳವಾರ ಸಂಜೆ ಅಕ್ಕ ಫೋನ್ ಮಾಡಿ, ಮಗ ಮತ್ತೆ ಟ್ಯೂಷನ್ ತಪ್ಪಿಸಿ ಸೇಡಂ ರಸ್ತೆಯ ಪೂಲ್ ಪಾರ್ಲರಿನಲ್ಲಿ ಕುಳಿತಿದ್ದಾನಂತೆ, ಅವರಪ್ಪ ಮನೆಗೆ ಬರುವುದರೊಳಗೆ ನೀನೇ ಹೋಗಿ ಕರೆದುಕೊಂಡು ಬಾ ಎಂದಳು. ಹಿಂದಿನ ವಾರ ಇದೇ ಕಾರಣಕ್ಕೆ ಭಾವ ಅವನಿಗೆ ಎರಡು ಏಟು ಹಾಕಿದ್ದರು. ಭಾವ ಕೆಟ್ಟವರಲ್ಲ, ಮಕ್ಕಳ ಓದಿಗಾಗಿ ಊರಿನ ಹೊಲದ ಒಂದು ಭಾಗವನ್ನೇ ಮಾರಿದವರು. ಆದರೆ ಕೋಲು ಹಿಡಿದು ಆಡುವ ಈ ಆಟವೆಂದರೆ ಸಿಗರೇಟು, ಜೂಜು, ಕೆಟ್ಟ ಸಹವಾಸ ಎಂದು ಅವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಆ ಸಂಜೆ ಮೆಟ್ಟಿಲು ಹತ್ತುವಾಗ ನನ್ನ ತೀರ್ಮಾನವೂ ಅದೇ ಆಗಿತ್ತು.

ಒಳಗೆ ಹೋದಾಗ ಹುಡುಗ ಆಡುತ್ತಿರಲಿಲ್ಲ. ಎಲ್ಲರೂ ಚಾಚಾ ಎಂದು ಕರೆಯುವ, ಎಪ್ಪತ್ತು ದಾಟಿದ ಒಬ್ಬ ಹಿರಿಯರ ಮುಂದೆ ಕೋಲು ಹಿಡಿದು ನಿಂತಿದ್ದ. ಅವನು ನೀಲಿ ಚಾಕನ್ನು ಕೋಲಿನ ತುದಿಗೆ ಒತ್ತಿ ಗರಗರ ತಿರುಗಿಸುತ್ತಿದ್ದುದನ್ನು ಕಂಡು ಅವರು ಅದನ್ನು ಮೆಲ್ಲಗೆ ಕಸಿದುಕೊಂಡರು. ಹಣೆಗೆ ವಿಭೂತಿ ಹಚ್ಚುವಷ್ಟು ಹಗುರಾಗಿ ಚರ್ಮದ ತುದಿಗೆ ಮೂರು ಸಲ ಸವರಿ, ಉಫ್ ಎಂದು ಊದಿ ಮರಳಿ ಕೊಟ್ಟರು. ಬಳಿಕ ಪೂಲ್ ಮೇಜಿನ ಹದಿನೈದು ಬಾಲುಗಳಲ್ಲಿ ಒಂದನೆಯ ನಂಬರಿನ ಹಳದಿಯನ್ನೂ ಮೂರನೆಯ ನಂಬರಿನ ಕೆಂಪನ್ನೂ ಮಾತ್ರ ಉಳಿಸಿ, ಬಿಳಿ ಬಾಲಿನಿಂದ ಎರಡನ್ನೂ ಒಂದೇ ಏಟಿಗೆ ಮುಟ್ಟಿಸಿದರು. ಮೂರೂ ಬಾಲುಗಳು ಒಂದು ಗೇಣಿನ ಅಂತರವನ್ನೂ ಮೀರದೆ ನಿಂತವು. ಮತ್ತೆ ಮುಟ್ಟಿಸಿದರು, ಮತ್ತೆ ನಿಂತವು. ಕುಳಿಗೆ ಏನನ್ನೂ ಬೀಳಿಸದೆ ಹೀಗೆ ಹನ್ನೊಂದು ಸಲ ಆಡಿದ್ದನ್ನು ನಾನೇ ಎಣಿಸಿದೆ. ಇದು ಮೂರೇ ಬಾಲುಗಳಲ್ಲಿ ಆಡುವ ಬಿಲಿಯರ್ಡ್ಸ್‌ನ ಕ್ಯಾನನ್, ಒಂದಕ್ಕೆ ಎರಡು ಅಂಕ ಎಂದು ಹುಡುಗ ಪಿಸುಗುಟ್ಟಿದ.

ನಾನು ಬಂದ ಕೆಲಸ ಹೇಳಿದೆ. ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ ಎಂಬುದನ್ನೂ, ಅದರಲ್ಲಿ ಸ್ವಲ್ಪ ಅಧಿಕಾರ ಬೆರೆಸಿ, ಹೇಳಿದೆ. ಅವರು ಕೋಲನ್ನು ಗೋಡೆಗೆ ಒರಗಿಸಿ ಕೇಳಿದರು: 'ಮಾಸ್ತರಂತೀರಿ ಸರ, ವಿಲ್ಸನ್ ಜೋನ್ಸ್ ಯಾರಂತ ಗೊತ್ತದ ಏನ್ರಿ?'

ಗೊತ್ತಿಲ್ಲ ಎಂದೆ. ಅವರು ನಗಲಿಲ್ಲ. 'ಹೋಗ್ಲಿ ಬಿಡ್ರಿ, ಯಾರಿಗೂ ಗೊತ್ತಿಲ್ಲ' ಎಂದಷ್ಟೇ ಅಂದರು. ಆ ಪ್ರಶ್ನೆ ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ತರಗತಿಯಲ್ಲಿ ಕಪ್ಪು ಹಲಗೆಗೆ ತಿರುಗಿದಾಗ, ರಾತ್ರಿ ದೀಪ ಆರಿಸಿದಾಗ, ಅದೇ ಸಮಾಧಾನದ ದನಿಯಲ್ಲಿ ಮತ್ತೆ ಕೇಳಿಸುತ್ತದೆ: ಗೊತ್ತದ ಏನ್ರಿ?

ಈಗ ಗೊತ್ತಾಗಿದೆ. 1922ರಲ್ಲಿ ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್, ಅಂದರೆ ಹವ್ಯಾಸಿ ಆಟಗಾರರ, ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು. ವೈಯಕ್ತಿಕ ಕ್ರೀಡೆಯೊಂದರಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಅವರೇ. 1964ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಎರಡನೆಯ ಸಲವೂ ಗೆದ್ದರು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದದ್ದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ, 1983ರ ಕ್ರಿಕೆಟ್ ವಿಶ್ವಕಪ್ಪನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ 1983ರಲ್ಲಿ ಮುಂಬಯಿಯ ಮೈಕೆಲ್ ಫೆರೇರಾ ಮೂರನೆಯ ಸಲ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಚಾಂಪಿಯನ್ ಆದದ್ದು ಮಾತ್ರ ನನ್ನ ಯಾವ ಪಾಠದಲ್ಲೂ ಬಂದಿಲ್ಲ. ಅಹಮದಾಬಾದಿನ ಗೀತ್ ಸೇಠಿ ವೃತ್ತಿಪರರ ವಿಶ್ವ ಪ್ರಶಸ್ತಿಯನ್ನು ಐದು ಸಲ ಗೆದ್ದವರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಬಿಲಿಯರ್ಡ್ಸ್‌ನ ಸೋದರ ಆಟವಾದ ಸ್ನೂಕರಿನ ವಿಶ್ವ ಕಿರೀಟ ಗೆದ್ದು ಆರಂಭಿಸಿ, 2024ರ ಹೊತ್ತಿಗೆ 28 ವಿಶ್ವ ಪ್ರಶಸ್ತಿಗಳನ್ನು ತಂದಿದ್ದಾರೆ. ಅವರೂ ಬಾಲ್ಯದಲ್ಲಿ ಅಣ್ಣನ ಬೆನ್ನು ಹತ್ತಿ ಪಾರ್ಲರಿಗೆ ಹೋದ ಹುಡುಗನೇ ಎಂದು ಓದಿದಾಗ ಭಾವನ ಮುಖ ಕಣ್ಣ ಮುಂದೆ ಬಂತು.

ಚಾಚಾ ಇದನ್ನೆಲ್ಲ ಓದಿ ತಿಳಿದವರಲ್ಲ. ಹೈದರಾಬಾದಿನ ಒಂದು ಕ್ಲಬ್ಬಿನಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದವರು. ಸಾಹೇಬರ ಅಂಕ ಕೂಗುವುದು, ಹಸಿರು ಬಟ್ಟೆಯನ್ನು ನೂಲಿನ ಒಲವು ನೋಡಿ ಒಂದೇ ದಿಕ್ಕಿಗೆ ಬ್ರಷ್ ಮಾಡುವುದು ಅವರ ಕೆಲಸ. ಹನ್ನೆರಡು ಅಡಿ ಉದ್ದದ ಆ ಮೇಜಿನಲ್ಲಿ, ಸದಸ್ಯರೆಲ್ಲ ಮನೆಗೆ ಹೋದ ಮೇಲೆ, ಅವರ ಉಸ್ತಾದ್ ಕಲಿಸಿದ್ದು ಈ ಆಟ. ಜೋನ್ಸ್ ಕಥೆ ಹೇಳಿದ್ದೂ ಆ ಉಸ್ತಾದ್. ಜಗತ್ತಿನ ಇನ್ನೊಬ್ಬ ದಿಗ್ಗಜನ ಹೆಸರನ್ನೂ ನಾನು ಚಾಚಾ ಅವರಿಂದಲೇ ಕೇಳಿದೆ. 1932ರಲ್ಲಿ ಲಂಡನ್ನಿನಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ ಒಮ್ಮೆಯೂ ತಪ್ಪದೆ ಗಳಿಸಿದ ಅಂಕವನ್ನು ಚಾಚಾ ಕಣ್ಣು ಮುಚ್ಚಿ, ಅಂದು ಅಂಕ ಕೂಗಿದವರು ತಾವೇ ಎಂಬಂತೆ ಹೇಳಿದರು: 'ಚಾರ್ ಹಜಾರ್ ಏಕ್ ಸೌ ಸೈಂತೀಸ್.' 4,137. ಬರಿಯ ಕ್ಯಾನನ್‌ನಿಂದಲೇ ಬಂದದ್ದಾದರೆ ಎರಡು ಸಾವಿರಕ್ಕೂ ಹೆಚ್ಚು ಏಟು ಎಂದು ಹುಡುಗ ತಟ್ಟನೆ ಲೆಕ್ಕ ಹಾಕಿದ. ಗಣಿತದ ಟ್ಯೂಷನ್ ತಪ್ಪಿಸಿದ ಹುಡುಗ ಅವನು. ಅಷ್ಟು ಹೊತ್ತು ಎದುರಾಳಿ ಜೋ ಡೇವಿಸ್ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. 'ಅವರೂ ದೊಡ್ಡ ಆಟಗಾರರೇ, ಕೂಡಬೇಕಾತು. ನಿನಗ ಹತ್ತು ಮಿನಿಟ್ ಕೂಡಾಕ ಆಗಲ್ಲಪಾ' ಎಂದು ಚಾಚಾ ಅವನ ಬೆನ್ನು ತಟ್ಟಿದರು.

ಆಟದ ಬಗ್ಗೆ ನನ್ನಂಥವರು ತಳೆದ ತಾತ್ಸಾರಕ್ಕೆ ಪೂರ್ತಿ ಆಧಾರವಿಲ್ಲವೆಂದು ನಾನು ಹೇಳಲಾರೆ. ಆ ಕೋಣೆಯಲ್ಲಿ ಹೊಗೆ ಇತ್ತು, ಮೂಲೆಯ ಮೇಜಿನಲ್ಲಿ ಹಣವೂ ಕೈ ಬದಲಾಯಿಸುತ್ತಿತ್ತು. ಆದರೆ ಸಾಹೇಬರು ಕ್ಲಬ್ಬಿನಲ್ಲಿ ಆಡಿದರೆ ಅಂತಸ್ತು, ನಮ್ಮ ಹುಡುಗರು ಗಂಟೆಯ ಬಾಡಿಗೆ ಕೊಟ್ಟು ಆಡಿದರೆ ಪುಂಡಾಟ ಎಂದು ಬಗೆದದ್ದು ಯಾವ ನ್ಯಾಯ? ಚಾಚಾ ಮೂವತ್ತು ವರ್ಷ ಇನ್ನೊಬ್ಬರ ಅಂಕ ಕೂಗಿದರು. ಅವರ ಅಂಕವನ್ನು ಕೂಗಲು ಒಬ್ಬರೂ ನಿಲ್ಲಲಿಲ್ಲ. ಇದು ನನಗೆ ಜೋನ್ಸ್ ಅವರನ್ನು ಮರೆತದ್ದಕ್ಕಿಂತ ಹೆಚ್ಚು ನೋವು ಕೊಟ್ಟಿದೆ.

ಬುಧವಾರ ಅಕ್ಕನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಟ್ಯೂಷನ್ ತಪ್ಪಬಾರದು, ಭಾನುವಾರ ಎರಡು ಗಂಟೆಯ ಹೊತ್ತು ಆಡಲಿ, ನಾನೇ ಕರೆದುಕೊಂಡು ಹೋಗಿ ಕರೆತರುತ್ತೇನೆ ಎಂದೆ. ಭಾವ ಇನ್ನೂ ಹೂಂ ಅಂದಿಲ್ಲ. ಅಕ್ಕ ಹುಡುಗನ ಕಂಪಾಸ್ ಪೆಟ್ಟಿಗೆ ತೆಗೆದಳು. ಅದರೊಳಗೆ ಸ್ಕೇಲಿನ ಪಕ್ಕದಲ್ಲಿ ಅರ್ಧ ಸವೆದ ನೀಲಿ ಚಾಕ್ ಇತ್ತು. ಅದನ್ನು ಎತ್ತಿ ನೋಡಿ, ಬೆರಳಿಗೆ ಹತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡು, ಇದ್ದಲ್ಲೇ ಇಟ್ಟು ಮುಚ್ಚಿದಳು.