ಟ್ರೇಲರ್ ಕೆಲಸದ ಡೈರಿ: ಕರೆಂಟು, ನೀರು, ಕೊಳಚೆ ಪೈಪು ಎಲ್ಲಿಗೆ ಬಂತು

ನಮ್ಮ ಹಳೇ ಟ್ರಾವೆಲ್ ಟ್ರೇಲರಿನ, ಅಂದರೆ ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯಂಥ ಗಾಡಿಯ, ಒಳಗಿನ ಮರಗೆಲಸ ಮುಗಿದಿದೆ. ಈ ಸಲ ಬರೆಯುವುದೆಲ್ಲ ಹೊರಗಿನ ಜೋಡಣೆ ಬಗ್ಗೆ. ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಅಲ್ಲಿನ ಕರೆಂಟು, ನೀರು, ಕೊಳಚೆ ಪೈಪಿಗೆ ಟ್ರೇಲರನ್ನು ಸೇರಿಸುವುದಕ್ಕೆ ಅಮೆರಿಕದಲ್ಲಿ ಹುಕ್‌ಅಪ್ ಅನ್ನುತ್ತಾರೆ. ಮೂರೂ ಇದ್ದರೆ ಫುಲ್ ಹುಕ್‌ಅಪ್. ಕರೆಂಟು, ನೀರು ಮಾತ್ರ ಇದ್ದರೆ ಪಾರ್ಷಿಯಲ್. ನಾವಿರುವುದು ಟೆಕ್ಸಾಸಿನಲ್ಲಿ. ಬೇಸಿಗೆಯಲ್ಲಿ ಎಸಿ ಇಲ್ಲದೆ ಟ್ರೇಲರಿನಲ್ಲಿ ನಿದ್ದೆ ಮಾಡುವ ಮಾತೇ ಇಲ್ಲ. ಹಾಗಾಗಿ ನನ್ನ ಸಮಯವೆಲ್ಲ ಕರೆಂಟಿಗೇ ಹೋಗಿದೆ, ಈ ಬರಹದಲ್ಲೂ ಅದರದೇ ಪಾಲು ಜಾಸ್ತಿ.

ಪ್ರತಿ ಸೈಟಿನಲ್ಲಿ ಸೊಂಟದೆತ್ತರಕ್ಕೆ ಒಂದು ಪೆಟ್ಟಿಗೆ ಇರುತ್ತದೆ, ಪೆಡೆಸ್ಟಲ್ ಅಂತ. ಮುಚ್ಚಳ ಎತ್ತಿದರೆ 20, 30, 50 ಆಂಪಿನ ಸಾಕೆಟ್‌ಗಳು, ಒಂದೊಂದಕ್ಕೂ ಬೇರೆ ಬ್ರೇಕರ್ (ಮಿತಿ ಮೀರಿ ಎಳೆದರೆ ಕರೆಂಟು ಕಡಿಯುವ ಸ್ವಿಚ್). ಎಲ್ಲ ಕಡೆ ಮೂರೂ ಇರುವುದಿಲ್ಲ. ನಮ್ಮ ಟ್ರೇಲರ್ 30 ಆಂಪಿನದು. 120 ವೋಲ್ಟಿಗೆ 30 ಆಂಪ್ ಅಂದರೆ 3,600 ವಾಟ್. 50 ಆಂಪ್ ಅಂದರೆ ಇನ್ನೊಂದು 20 ಆಂಪ್ ಜಾಸ್ತಿ ಅಷ್ಟೇ ಅಲ್ವಾ ಅನ್ನಿಸುತ್ತದೆ. ಅಷ್ಟೇ ಅಲ್ಲ. ಅದರಲ್ಲಿ 120 ವೋಲ್ಟಿನ ಎರಡು ಲೈನು ಬರುತ್ತವೆ, ಒಂದೊಂದರಲ್ಲೂ 50 ಆಂಪ್. ಒಟ್ಟು 12,000 ವಾಟ್. ಎರಡು ಎಸಿ ಇರುವ ದೊಡ್ಡ ಗಾಡಿಗಳು ಬಳಸುವುದು ಇದನ್ನೇ.

ಮನೆ ಪಕ್ಕ ಟ್ರೇಲರ್ ನಿಲ್ಲಿಸುವ ಜಾಗದಲ್ಲೂ ಒಂದು 30 ಆಂಪ್ ಸಾಕೆಟ್ ಹಾಕಿಸಿದ್ದೇನೆ. ಟಿಟಿ-30 ಅನ್ನುವ ಮೂರು ಪಿನ್ನಿನದು. ಹಾಕಿಸುವವರು ಒಂದು ವಿಷಯ ಗಮನಿಸಲೇಬೇಕು. ಇಲ್ಲಿನ ಮನೆಗಳಲ್ಲಿ ಬಟ್ಟೆ ಒಣಗಿಸುವ ಡ್ರೈಯರಿಗೂ 30 ಆಂಪ್ ಸಾಕೆಟ್ ಇರುತ್ತದೆ, ಆದರೆ ಅದು 240 ವೋಲ್ಟ್. ಆರ್‌ವಿ (ಇಂಥ ಮನೆಯಂಥ ಗಾಡಿಗಳಿಗೆ ಇಲ್ಲಿನ ಹೆಸರು) ಕೆಲಸ ಮಾಡಿ ಅಭ್ಯಾಸವಿಲ್ಲದ ಎಲೆಕ್ಟ್ರಿಷಿಯನ್ 30 ಆಂಪ್ ಅಂದ ಕೂಡಲೇ ಡ್ರೈಯರಿಗೆ ಎಳೆದ ಹಾಗೆ ಎಳೆದುಬಿಡಬಹುದು. ಅದಕ್ಕೆ ಪ್ಲಗ್ ಹಾಕಿದರೆ ಟ್ರೇಲರಿನ ಮೈಕ್ರೋವೇವ್, ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್, ಟಿವಿ ಎಲ್ಲ ಒಂದೇ ಏಟಿಗೆ ಹೋಗುತ್ತವೆ. ಸಿಂಗಲ್ ಪೋಲ್ ಬ್ರೇಕರ್, 120 ವೋಲ್ಟ್, 10 ಗೇಜ್ ವೈರ್ ಅಂತ ಒಂದು ಚೀಟಿಯಲ್ಲಿ ಬರೆದು ಕೈಗೇ ಕೊಟ್ಟೆ. ಕೆಲಸ ಮುಗಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿದೆ. ಹಾಟ್ (ನಮ್ಮ ಕಡೆ ಫೇಸ್ ಅನ್ನುವುದು) ಮತ್ತು ನ್ಯೂಟ್ರಲ್ ನಡುವೆ 121 ವೋಲ್ಟ್, ಹಾಟ್ ಮತ್ತು ಅರ್ಥ್ ನಡುವೆ 121, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸೊನ್ನೆ. ಹೀಗೇ ಬರಬೇಕು.

ಕ್ಯಾಂಪ್‌ಗ್ರೌಂಡಿನಲ್ಲೂ ಈಗ ಇದೇ ಕ್ರಮ. ಗಾಡಿಯನ್ನು ಲೆವೆಲ್ ಮಾಡುವುದಕ್ಕೂ ಮೊದಲು, ಟ್ರಕ್ಕಿನಿಂದ ಬಿಚ್ಚುವುದಕ್ಕೂ ಮೊದಲು, ಪೆಡೆಸ್ಟಲ್ ನೋಡುತ್ತೇನೆ. ಕರೆಂಟು ಸರಿ ಇಲ್ಲದಿದ್ದರೆ ಬೇರೆ ಸೈಟಿಗೆ ಹೋಗಬೇಕು, ಆಗ ಹಾಸಿದ್ದೆಲ್ಲ ಮತ್ತೆ ಮಡಚುವ ಕಷ್ಟ ಇರುವುದಿಲ್ಲ. ಸಾಕೆಟ್ಟಿನ ಬಾಯಿ ಕಂದು ಬಣ್ಣಕ್ಕೆ ತಿರುಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. 30 ಆಂಪ್ ಸಾಕೆಟ್ಟುಗಳು ಸಿಕ್ಕಾಪಟ್ಟೆ ಬಳಕೆಯಾಗಿ ಒಳಗಿನ ಹಿಡಿತ ಸಡಿಲವಾಗಿರುತ್ತದೆ. ಸಡಿಲವಾದ ಕಡೆ ಬಿಸಿ ಏರುತ್ತದೆ. ಅಂಥ ಕಡೆ 50 ಆಂಪ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ನಮ್ಮ 30 ಆಂಪ್ ಕೇಬಲ್ ಸೇರಿಸುತ್ತೇನೆ. ಟ್ರೇಲರಿನ ಒಳಗೆ 30 ಆಂಪಿನ ಮೇನ್ ಬ್ರೇಕರ್ ಇರುವುದರಿಂದ ಅದಕ್ಕಿಂತ ಜಾಸ್ತಿ ಎಳೆಯುವುದಿಲ್ಲ. ಬ್ರೇಕರ್ ಆಫ್ ಮಾಡಿ ಪ್ಲಗ್ ಹಾಕಬೇಕು, ಆಮೇಲೆ ಆನ್. ತೆಗೆಯುವಾಗಲೂ ಮೊದಲು ಎಸಿ ಆಫ್, ಆಮೇಲೆ ಬ್ರೇಕರ್, ಕೊನೆಗೆ ಪ್ಲಗ್.

3,600 ವಾಟ್ ತುಂಬಾ ಅನ್ನಿಸುತ್ತದೆ, ಅಡುಗೆ ಶುರುವಾಗುವ ತನಕ. 13,500 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ) ಎಸಿ ಬಿಸಿಲಿನಲ್ಲಿ ಸುಮಾರು 13 ಆಂಪ್ ಎಳೆಯುತ್ತದೆ. 1,800 ವಾಟಿನ ಇಂಡಕ್ಷನ್ ಒಲೆ 15 ಆಂಪ್. ಎರಡು ಸೇರಿದರೇ 28. ಬಿಸಿನೀರಿನ ಹೀಟರಿನ ಎಲಿಮೆಂಟ್ 12 ಆಂಪ್, ಮೈಕ್ರೋವೇವ್ ಸುಮಾರು ಅಷ್ಟೇ. ಚಟ್ನಿಗೆ ಮಿಕ್ಸಿ ಹಾಕಿದರೆ ಬ್ರೇಕರ್ ಟ್ರಿಪ್ ಆಗುವುದು ಖಂಡಿತ. ಅದಕ್ಕೆ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಎಸಿ ಓಡುತ್ತಿದ್ದರೆ ಹೀಟರ್, ಫ್ರಿಜ್ ಎರಡನ್ನೂ ಕರೆಂಟಿನ ಬದಲು ಪ್ರೊಪೇನ್ ಗ್ಯಾಸಿನಲ್ಲಿ ಓಡಿಸುತ್ತೇವೆ. ಕುಕ್ಕರ್ ಕೂಡ ಗ್ಯಾಸ್ ಒಲೆ ಮೇಲೆ. ಇಂಡಕ್ಷನ್ ಬೆಳಗಿನ ಕಾಫಿಗೆ, ಉಪ್ಪಿಟ್ಟಿಗೆ ಮಾತ್ರ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ವಸ್ತು ಅಂದರೆ ಪೆಡೆಸ್ಟಲ್ಲಿಗೂ ಕೇಬಲ್ಲಿಗೂ ನಡುವೆ ಹಾಕುವ ಇಎಮ್‌ಎಸ್ ಪೆಟ್ಟಿಗೆ, ಕರೆಂಟು ಸರಿ ಇದೆಯಾ ಅಂತ ನೋಡುತ್ತಲೇ ಇರುವ ಸಾಧನ. ಬರೀ ಸರ್ಜ್ ಪ್ರೊಟೆಕ್ಟರ್ ಸಿಡಿಲಿನಂಥ ಹೊಡೆತಕ್ಕೆ ಮಾತ್ರ. ಇದು ವೋಲ್ಟೇಜನ್ನೂ ಕಾಯುತ್ತದೆ. 104ಕ್ಕಿಂತ ಇಳಿದರೆ ಅಥವಾ 132 ದಾಟಿದರೆ ಕರೆಂಟ್ ಕಡಿದುಬಿಡುತ್ತದೆ. ಜುಲೈನಲ್ಲಿ ಒಂದು ಖಾಸಗಿ ಆರ್‌ವಿ ಪಾರ್ಕಿನಲ್ಲಿ ಅದರ ಬೆಲೆ ಗೊತ್ತಾಯಿತು. ಬೆಳಗ್ಗೆ 119 ಇತ್ತು. ಮಧ್ಯಾಹ್ನ ಎಲ್ಲರ ಎಸಿ ಶುರುವಾದ ಮೇಲೆ ಡಿಸ್‌ಪ್ಲೇನಲ್ಲಿ 109, ಆಮೇಲೆ 106. ಅಪ್ಪ ಅರಸೀಕೆರೆಯಿಂದ ಬಂದಿದ್ದರು, ಪಕ್ಕದಲ್ಲೇ ನಿಂತಿದ್ದರು. ತೋಟದ ಪಂಪ್‌ಸೆಟ್ ಜೊತೆ ಜೀವಮಾನ ಕಳೆದವರು. "ಲೋ ವೋಲ್ಟೇಜು ಕಣೋ. ಮೊದ್ಲು ಎಸಿ ಆಫ್ ಮಾಡು, ಮೋಟ್ರು ಸುಟ್ಟೋಗುತ್ತೆ" ಅಂದರು. ನಾನು ಒಳಗೆ ಓಡುವಷ್ಟರಲ್ಲಿ 103 ತೋರಿಸಿ ಟಕ್ ಅಂತ ಕಡಿಯಿತು. ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ವೋಲ್ಟೇಜ್ ಇಳಿದರೆ ಕಂಪ್ರೆಸರಿನ ಮೋಟಾರು ಜಾಸ್ತಿ ಆಂಪ್ ಎಳೆಯುತ್ತದೆ, ಒಳಗಿನ ತಂತಿ ಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ಬೋರ್‌ವೆಲ್ ಮೋಟಾರಿಗೂ ಎಸಿಗೂ ಇದರಲ್ಲಿ ವ್ಯತ್ಯಾಸವೇ ಇಲ್ಲ. ಆಫೀಸಿನಲ್ಲಿ ಹೇಳಿದೆವು. ಟ್ರಾನ್ಸ್‌ಫಾರ್ಮರ್ ಹತ್ತಿರದ ಸಾಲಿನಲ್ಲಿ ಬೇರೆ ಸೈಟ್ ಕೊಟ್ಟರು. ಅಲ್ಲಿ ಅದೇ ಹೊತ್ತಿಗೆ 114 ಇತ್ತು. ವೈರು ಉದ್ದವಾದಷ್ಟೂ ವೋಲ್ಟೇಜ್ ಇಳಿಯುತ್ತದೆ. ಅವತ್ತಿನಿಂದ ಸೈಟ್ ಬುಕ್ ಮಾಡುವಾಗ ಸಾಲಿನ ಕೊನೆಯ ಜಾಗ ತೆಗೆದುಕೊಳ್ಳುತ್ತಿಲ್ಲ.

ನೀರಿನ ಕೆಲಸ ಸುಲಭ. ಊರಿನ ಮನೆಯ ತಾರಸಿ ಟ್ಯಾಂಕಿನಿಂದ ಕೆಳಗಿನ ನಲ್ಲಿಗೆ ಬರುವ ನೀರಿಗೆ ಹತ್ತು ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡವೂ ಇರುವುದಿಲ್ಲ. ಇಲ್ಲಿ ಕೆಲವು ಕಡೆ 80 ದಾಟುತ್ತದೆ, ಟ್ರೇಲರಿನ ಪೈಪಿನ ಜಾಯಿಂಟುಗಳು ಬಿಟ್ಟುಕೊಳ್ಳಬಹುದು. ಹಿತ್ತಾಳೆಯ ಪ್ರೆಶರ್ ರೆಗ್ಯುಲೇಟರ್ ಹಾಕಿ 50ಕ್ಕೆ ಇಟ್ಟಿದ್ದೇನೆ. ಅದನ್ನು ನಲ್ಲಿಯ ಬಾಯಿಗೇ ಹಾಕಬೇಕು, ಆಗ ಹೋಸ್ ಕೂಡ ಉಳಿಯುತ್ತದೆ. ಆಮೇಲೆ ಫಿಲ್ಟರ್, ಆಮೇಲೆ ಕುಡಿಯುವ ನೀರಿಗೆಂದೇ ಮಾಡಿದ ಬಿಳಿ ಹೋಸ್. ತೋಟದ ಹಸಿರು ಹೋಸ್ ಬೇಡ. ಜೋಡಿಸುವ ಮೊದಲು ನಲ್ಲಿಯ ಬಾಯನ್ನು ಬ್ಲೀಚ್ ನೀರಿನಿಂದ ಒರೆಸಿ ಸ್ವಲ್ಪ ನೀರು ಸುಮ್ನೆ ಹರಿಯಲು ಬಿಡುತ್ತೇನೆ. ಹೀಟರಿನ ಎಲಿಮೆಂಟ್ ಆನ್ ಮಾಡುವ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ ನೋಡಬೇಕು. ಗಾಳಿ ಬುಸ್ ಅಂತ ಹೋಗಿ ನೀರು ಒಂದೇ ಸಮ ಬಂದರೆ ಟ್ಯಾಂಕ್ ತುಂಬಿದೆ ಅಂತ. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಕ್ಷಣದಲ್ಲಿ ಸುಡುತ್ತದೆ.

ಕೊಳಚೆಗೆ ಎರಡು ಟ್ಯಾಂಕ್. ಶೌಚದ್ದು ಬ್ಲ್ಯಾಕ್, ಸಿಂಕು ಮತ್ತು ಸ್ನಾನದ್ದು ಗ್ರೇ. ಫುಲ್ ಹುಕ್‌ಅಪ್ ಇದೆ ಅಂತ ಬ್ಲ್ಯಾಕ್ ವಾಲ್ವ್ ತೆರೆದೇ ಇಡಬಾರದು. ನೀರೆಲ್ಲ ಹರಿದುಹೋಗಿ ಗಟ್ಟಿ ಮಾತ್ರ ಉಳಿದು ಟ್ಯಾಂಕಿನ ತಳದಲ್ಲಿ ಗುಡ್ಡೆ ಕಟ್ಟುತ್ತದೆ. ಮುಕ್ಕಾಲು ತುಂಬುವ ತನಕ ಮುಚ್ಚಿಟ್ಟು ಒಮ್ಮೆಲೇ ಬಿಡಬೇಕು. ಅದಾದ ಮೇಲೆ ಗ್ರೇ, ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಶೌಚಕ್ಕೆ ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಒಳ್ಳೆಯದೇ. ಟ್ಯಾಂಕ್ ಬೇಗ ತುಂಬುತ್ತದೆ ನಿಜ, ಆದರೆ ಗುಡ್ಡೆ ಕಟ್ಟುವುದಿಲ್ಲ. ಗ್ರೇ ಟ್ಯಾಂಕಿಗೆ ಮಾತ್ರ ನಮ್ಮ ಅಡುಗೆ ಕಷ್ಟ. ಒಗ್ಗರಣೆ ಎಣ್ಣೆ, ಕರಿಬೇವು, ಸಾರಿನ ಗಷ್ಟು ಎಲ್ಲ ಸೇರಿ ವಾಸನೆ ಬರುತ್ತದೆ. ತೊಳೆಯುವ ಮೊದಲು ಬಾಣಲೆಯನ್ನು ಪೇಪರಿನಲ್ಲಿ ಒರೆಸಿ, ಸಿಂಕಿಗೆ ಸಣ್ಣ ಜಾಲರಿ ಹಾಕಿದ್ದೇವೆ. ವಾಸನೆ ನಿಂತಿದೆ. ಟ್ಯಾಂಕ್ ತೊಳೆಯುವ ಹೋಸ್ ಬೇರೆ ಬಣ್ಣದ್ದು, ಅದನ್ನಿಡುವ ಡಬ್ಬವೂ ಬೇರೆ.

ಮುಂದಿನ ದೂರದ ಪ್ರಯಾಣಕ್ಕೆ ಮೂರು ನ್ಯಾಷನಲ್ ಪಾರ್ಕ್ ನೋಡಿದೆ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕ್‌ಅಪ್ಪೇ ಇಲ್ಲ. ಯೆಲ್ಲೊಸ್ಟೋನಿನಲ್ಲಿ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲಿ. ಕರಡಿ ಓಡಾಡುವ ಜಾಗವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನಲ್ಲಿ ಮೇದರ್ ಕ್ಯಾಂಪ್‌ಗ್ರೌಂಡಿಗೆ ಹುಕ್‌ಅಪ್ ಇಲ್ಲ, ಪಕ್ಕದ ಟ್ರೇಲರ್ ವಿಲೇಜಿನಲ್ಲಿ ಫುಲ್ ಹುಕ್‌ಅಪ್ ಇದೆ. ಅಮ್ಮನೂ ಬರುವುದರಿಂದ ಟ್ರೇಲರ್ ವಿಲೇಜನ್ನೇ ಆರಿಸಿಕೊಂಡಿದ್ದೇವೆ.

ಅಷ್ಟರೊಳಗೆ ಎರಡು ಕೆಲಸ ಆಗಬೇಕು. ಎಸಿಗೆ ಸಾಫ್ಟ್ ಸ್ಟಾರ್ಟರ್ ಹಾಕಬೇಕು, ಕಂಪ್ರೆಸರ್ ಶುರುವಾಗುವಾಗಿನ ಎಳೆತ ಕಡಿಮೆಯಾಗುತ್ತದೆ. ಗ್ರೇ ಟ್ಯಾಂಕಿನ ವಾಲ್ವ್ ಹನಿಹನಿಯಾಗಿ ಸೋರುತ್ತಿದೆ. ಒಂದೂವರೆ ಇಂಚಿನ ವಾಲ್ವ್, ಎರಡು ರಬ್ಬರ್ ಸೀಲ್, ನಾಲ್ಕು ಬೋಲ್ಟ್. ಸೀಲ್ ಬಂದಿವೆ, ಈ ಶನಿವಾರ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಬಿಚ್ಚುತ್ತೇನೆ.